ಘೇಂಡಾಮೃಗದ ಪುಡಿ

ಲಿಫ್ಟ್ ಮೇಸ್ತ್ರಿ ಮೊಣಕಾಲಿಗೆ ಆಪರೇಷನ್ ಮಾಡಿಸಿಕೊಂಡು ಮನೆಯಲ್ಲಿ ಕೂತ ಮೇಲೆ ನೋವು ಅವನದಾದರೂ ಪಾಡು ಪಟ್ಟವಳು ಅವನ ಹೆಂಡತಿ. ದೊಡ್ಡ ದೊಡ್ಡ ಕಟ್ಟಡಗಳ ಲಿಫ್ಟಿನ ಬಾವಿಯೊಳಗೆ ಹಗ್ಗ, ಗಾಲಿ, ಗ್ರೀಸುಗಳ ನಡುವೆ ಆಯಸ್ಸು ಕಳೆದ ಮನುಷ್ಯ. ಈಗ ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ. ಕಾಲು ಕಟ್ಟಿಹಾಕಿದರೂ ಕೈಯನ್ನು ಯಾರು ಕಟ್ಟಿಹಾಕಬೇಕು? ಅಡುಗೆಮನೆಯ ಡಬ್ಬಗಳ ಮುಚ್ಚಳವನ್ನೆಲ್ಲ ಬಿಗಿ ಮಾಡಿಟ್ಟ. ಆಮೇಲೆ ಅವಳಿಗೆ ಸಕ್ಕರೆ ಬೇಕಾದರೂ ಅವನನ್ನೇ ಕರೆಯಬೇಕಾಯಿತು. ಕುಕ್ಕರಿನ ಸೀಟಿ ಬಿಚ್ಚಿ ಸರಿಮಾಡಿದ. ಅದು ಕೂಗುವುದನ್ನೇ ಮರೆತುಬಿಟ್ಟಿತು. ಗೋಡೆ ಗಡಿಯಾರದ ಹೊಟ್ಟೆ ಬಗೆದ ದಿನ ಅವಳ ತಾಳ್ಮೆ ಮುಗಿಯಿತು.

"ರೀ, ನಿಮ್ಮ ಕಾಲು ಸರಿಹೋಗೋದರೊಳಗೆ ನನ್ನ ತಲೆ ಕೆಟ್ಟುಹೋಗುತ್ತೆ," ಎಂದಳು.

"ನಾನೇನು ಮಾಡ್ಲಿ ಹೇಳು. ಸುಮ್ನೆ ಕೂತರೆ ಕೈ ಜೋಮು ಹಿಡಿಯುತ್ತೆ."

"ಜೋಮು ಹಿಡೀಲಿ. ನನ್ನ ಗಡಿಯಾರವಾದ್ರೂ ಉಳಿಯುತ್ತೆ."

ಅವಳು ಬಸ್ ನಿಲ್ದಾಣದಲ್ಲಿ ಮೈಕಿನಲ್ಲಿ ಹೇಳುವವಳು. ಯಾವ ಊರಿನ ಬಸ್ಸು ಯಾವ ಕಡೆ ನಿಂತಿದೆ, ಯಾವುದು ತಡ, ಯಾವುದು ಈಗ ಹೊರಡುತ್ತದೆ, ಎಲ್ಲ ಅವಳ ಬಾಯಿಂದಲೇ ಬರಬೇಕು. ಗಾಜಿನ ಪುಟ್ಟ ಕೋಣೆಯಲ್ಲಿ ಎತ್ತರದ ಸ್ಟೂಲಿನ ಮೇಲೆ ಕೂತರೆ ಇಡೀ ನಿಲ್ದಾಣ ಅವಳ ಕಣ್ಣಳತೆಯಲ್ಲಿರುತ್ತಿತ್ತು. ಹಾಳೆಯಲ್ಲಿ ಬರೆದಿದ್ದಷ್ಟನ್ನೇ ಓದಿ ಸುಮ್ಮನಾಗುವ ಜಾಯಮಾನ ಅವಳದಲ್ಲ. "ನೀಲಿ ಚೀಲ ಹಿಡಿದಿರುವ ಅಜ್ಜ, ಓಡಬೇಡಿ, ಡ್ರೈವರಿಗೆ ಹೇಳಿದ್ದೇನೆ, ಬಸ್ಸು ನಿಂತಿರುತ್ತದೆ," ಎನ್ನುತ್ತಿದ್ದಳು. "ಹಸಿರು ಸೀರೆಯ ತಾಯಿ, ನಿಮ್ಮ ಮಗು ನಿಮ್ಮ ಹಿಂದೆಯೇ ಇದೆ, ತಿರುಗಿ ನೋಡಿ." ತುಂಬಿದ ದನಿ; ಗದ್ದಲದ ಮೇಲೆ ಎಣ್ಣೆ ತೇಲಿದ ಹಾಗೆ ತೇಲುತ್ತಿತ್ತು. ತರಕಾರಿ ಅಂಗಡಿಯವನು ಅವಳ ಮುಖ ನೋಡಿ ಗುರುತು ಹಿಡಿದವನಲ್ಲ, ಬೆಲೆ ಕೇಳಿದಾಗ ಗುರುತು ಹಿಡಿದವನು. ಬೀದಿಗೆಲ್ಲ ಅವಳು ಮೈಕಮ್ಮ. ಮನೆಯಲ್ಲೂ ಹಾಗೇ ಮಾಡುತ್ತಿದ್ದಳು. "ಟೀ ತಯಾರಾಗಿದೆ, ಕುಂಟುವ ಪ್ರಯಾಣಿಕರು ಕೂಡಲೇ ಅಡುಗೆಮನೆಯತ್ತ ಬರಬೇಕು," ಎಂದು ಮೂಗಿನ ದನಿಯಲ್ಲಿ ಕೂಗಿದರೆ ಮೇಸ್ತ್ರಿ ಊರುಗೋಲು ಹುಡುಕಿಕೊಂಡು ಏಳುತ್ತಿದ್ದ.

ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಅಂಗಡಿ ಇತ್ತು. ಜೋಡಿಸಿ ಬಣ್ಣ ಬಳಿಯುವ ಹಡಗು, ವಿಮಾನ, ಪ್ರಾಣಿ, ಸೈನಿಕರ ಪೆಟ್ಟಿಗೆಗಳು ಮಾರಾಟಕ್ಕೆ. ಅದನ್ನು ನಡೆಸುವ ಹೆಂಗಸು ಯಾವಾಗಲೂ ಹಣೆಯ ಮೇಲೆ ಭೂತಗನ್ನಡಿ ಏರಿಸಿಕೊಂಡಿರುತ್ತಿದ್ದಳು. ಗಿರಾಕಿಗಳೆಲ್ಲ ಅವಳನ್ನು ಗೊಂಬೆಯಕ್ಕ ಎನ್ನುತ್ತಿದ್ದರು. ಮೈಕಮ್ಮ ಒಂದು ಸಂಜೆ ಅಲ್ಲಿಂದ ಪೆಟ್ಟಿಗೆಯೊಂದನ್ನು ಕಂಕುಳಲ್ಲಿ ಇರುಕಿಕೊಂಡು ಬಂದು ಗಂಡನ ತೊಡೆಯ ಮೇಲೆ ಇಟ್ಟಳು. ಮೇಲೆ ಘೇಂಡಾಮೃಗದ ಚಿತ್ರ.

"ಇದ್ಯಾಕೆ?"

"ಮುಖ ನೋಡಿ, ಥೇಟ್ ನೀವೇ. ಕಾಫಿ ತಡವಾದ್ರೆ ಹಿಂಗೇ ಕೂತಿರ್ತೀರಿ."

ಒಳಗೆ ಹಾಲುಬಣ್ಣದ ತುಂಡುಗಳಿದ್ದವು. ರೆಸಿನ್ ಎನ್ನುವ ದ್ರವವನ್ನು ಅಚ್ಚಿಗೆ ಹೊಯ್ದು ಗಟ್ಟಿಯಾಗಿಸಿದವು. ಮೈ ಎರಡು ಹೋಳು, ಕಾಲು ನಾಲ್ಕು, ಕೊಂಬು, ಬಾಲ, ಉಗುರಿನಷ್ಟು ಕಿವಿಗಳು. ಅವನ್ನು ಉಜ್ಜಿ ನಯಮಾಡಿ ಅಂಟಿಸಿ ಬಣ್ಣ ಹಾಕಬೇಕು. ಅದರ ಜೊತೆಗೇ ಅವಳು ಮಾಸ್ಕ್, ತೆಳ್ಳನೆಯ ರಬ್ಬರ್ ಕೈಗವಸು ತಂದಿದ್ದಳು. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ದಾಣದ ದನಿ ತೆಗೆದಳು.

"ಪ್ರಯಾಣಿಕರು ಗಮನಿಸಬೇಕು. ಇದು ಹೊಸಬರಿಗೆ ಸ್ವಲ್ಪ ಕಷ್ಟದ್ದು ಅಂತ ಗೊಂಬೆಯಕ್ಕ ಹೇಳಿದಾಳೆ. ಮೊದಲು ಸೋಪಿನ ನೀರಲ್ಲಿ ತೊಳೀಬೇಕು. ಉಜ್ಜೋದು ನೀರಿನಲ್ಲೇ ಉಜ್ಜಬೇಕು, ಒಣಗಿದ್ದಾಗ ಉಜ್ಜಬಾರದು. ಮಾಸ್ಕ್ ಹಾಕ್ಕೋಬೇಕು. ಕಿಟಕಿ ತೆಗೆದಿರಬೇಕು. ಊಟ ಮಾಡೋ ಕಡೆ, ಮಲಗೋ ಕಡೆ ಇದನ್ನ ಮಾಡಬಾರದು. ಇದರ ಪುಡಿ ಎದೆಗೆ ಒಳ್ಳೇದಲ್ವಂತೆ."

"ಲಿಫ್ಟಿನ ಬಾವೀಲಿ ನಾನು ತಿಂದಿರೋ ಧೂಳಿಗೆ ಇದ್ಯಾವ ಮೂಲೆಗೆ ಸಾಲುತ್ತೆ ಬಿಡೇ," ಎಂದು ಮೇಸ್ತ್ರಿ ನಕ್ಕ.

"ನಾನು ಹೇಳಿದ್ದು ಹೇಳಿದೀನಿ," ಎಂದು ಅವಳು ಒಳಗೆ ಹೋದಳು.

ತೊಳೆಯುವ ಮಾತನ್ನು ಅವನು ಮೊದಲು ಕಿವಿಗೇ ಹಾಕಿಕೊಳ್ಳಲಿಲ್ಲ. ಅಚ್ಚಿನಿಂದ ಬಂದ ಎಣ್ಣೆಯಂಥ ಜಿಡ್ಡು ತುಂಡುಗಳ ಮೇಲೆಲ್ಲ ಇತ್ತು. ಅಂಟಿಸಿದ ಕಾಲುಗಳು ಬೆಳಗಾಗುವುದರೊಳಗೆ ಕಳಚಿ ಬಿದ್ದಿದ್ದವು. ಘೇಂಡಾಮೃಗ ಹೊಟ್ಟೆ ಊರಿ ಬಿದ್ದುಕೊಂಡಿದ್ದನ್ನು ನೋಡಿ ಮೈಕಮ್ಮ, "ಪಾಪ, ಇದಕ್ಕೂ ಮೊಣಕಾಲಿನ ತೊಂದರೆ," ಎಂದಳು. ಮುಂದಿನ ಸಲ ತೊಳೆದ. ಹೆಚ್ಚುವರಿ ರೆಸಿನ್ ಕತ್ತರಿಸುವಾಗ ಚಾಕುವನ್ನು ತನ್ನತ್ತಲೇ ಎಳೆದು ಹೆಬ್ಬೆರಳು ಕೊಯ್ದುಕೊಂಡ. ಚಿಟಿಕೆ ಹೊಡೆಯುವುದರೊಳಗೆ ಹಿಡಿಯುವ ಅಂಟು ತರಿಸಿದ್ದ. ಅದು ಬಾಲವನ್ನು ಘೇಂಡಾಮೃಗಕ್ಕೆ ಅಂಟಿಸುವ ಬದಲು ಅವನ ತೋರುಬೆರಳಿಗೆ ಅಂಟಿಸಿತು. ಬೆಚ್ಚನೆ ನೀರಿನಲ್ಲಿ ಕೈ ಅದ್ದಿಕೊಂಡು ಬಾಲ ಸಮೇತ ಕೂತಿದ್ದವನನ್ನು ಕಂಡು ಅವಳು ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು. ಅಷ್ಟು ಒಳ್ಳೆಯ ದಿನಗಳು ಆ ಮನೆಯಲ್ಲಿ ಬಂದು ಎಷ್ಟೋ ಕಾಲವಾಗಿತ್ತು.

ಎರಡು ಹೋಳು ಅಂಟಿದ ಮೇಲೆ ತಲೆಯಿಂದ ಬಾಲದವರೆಗೆ ಬೆನ್ನ ಮೇಲೆ ಒಂದು ಏಣು ಉಳಿಯಿತು. ಅದನ್ನು ಉಜ್ಜು ಕಾಗದದಿಂದ ತೆಗೆಯಬೇಕು. ಒಂದು ದಿನ ಬೋಗುಣಿಯಲ್ಲಿ ನೀರಿಟ್ಟುಕೊಂಡು ನೋಡಿದ. ಕಾಲು ಮಡಿಸುವ ಹಾಗಿಲ್ಲ. ಮಂಚದ ಮೇಲೆ ಚಾಚಿಕೊಂಡೇ ಕೂರಬೇಕು. ಬೋಗುಣಿ ತೊಡೆಯ ಮೇಲೆ ವಾಲಿ ಹಾಸಿಗೆ ಒದ್ದೆಯಾಯಿತು. ನೀರನ್ನು ಅಲ್ಲಿಗೇ ಬಿಟ್ಟ. ಮಾಸ್ಕ್ ಹಾಕಿದರೆ ಉಸಿರಿಗೆ ಕನ್ನಡಕ ಮಂಜಾಗುತ್ತಿತ್ತು, ಅದನ್ನೂ ತೆಗೆದ. ಚಿಕ್ಕ ಕಿವಿಗಳು ಕಳೆದುಹೋಗದಿರಲೆಂದು ಅವನ್ನು ಆ ಮಾಸ್ಕಿನ ಬಟ್ಟಲಿನಲ್ಲೇ ಹಾಕಿಟ್ಟ.

ಒಣಗಿದ್ದಾಗ ಉಜ್ಜುವುದು ಎಷ್ಟು ಸಲೀಸು ಎಂದರೆ, ಇಷ್ಟಕ್ಕೆ ಯಾಕೆ ನೀರಿನ ಗೋಜು ಎಂದುಕೊಂಡ. ಕಾಗದ ಸರ್ ಸರ್ ಎನ್ನುತ್ತಿತ್ತು. ಮುಖಕ್ಕೆ ಹಚ್ಚುವ ಪೌಡರಿಗಿಂತ ನಯವಾದ ಬಿಳಿ ಪುಡಿ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಆಗಾಗ ಬಾಯಿಯಿಂದ ಫೂ ಎಂದು ಊದಿ, ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಬೆನ್ನು ಸವರಿ ನೋಡುತ್ತಿದ್ದ. ಸೆಕೆಗೆ ಟೇಬಲ್ ಫ್ಯಾನು ಪಕ್ಕದಲ್ಲೇ ತಿರುಗುತ್ತಿತ್ತು. ಲಿಫ್ಟ್ ರಿಪೇರಿಯಲ್ಲಿ ಎಷ್ಟು ದುಡಿದರೂ ಕಡೆಗೆ ಜನ ಬಾಗಿಲು ಮುಚ್ಚಿಕೊಂಡು ಮೇಲೆ ಹೋಗುತ್ತಾರೆ, ಅಷ್ಟೇ. ಕೈಯಲ್ಲಿ ಹಿಡಿದು ನೋಡುವಂಥದ್ದೊಂದನ್ನು ಅವನು ಇಡೀ ಜೀವಮಾನದಲ್ಲಿ ಮಾಡಿರಲಿಲ್ಲ. ಕಣ್ಣ ಸುತ್ತಲಿನ ಸುಕ್ಕು, ಕತ್ತಿನ ಮಡಿಕೆ ಎಲ್ಲ ಒಂದೊಂದಾಗಿ ಚೊಕ್ಕಟವಾಗುತ್ತಾ ಬಂದಾಗ, ಕಾಲು ನೋವು ಇರುವುದೇ ಮರೆತುಹೋಗುತ್ತಿತ್ತು.

ಅದೇ ಕಾಲಕ್ಕೆ ರಸ್ತೆಯ ಆಚೆ ಬದಿಯಲ್ಲಿ ಹೊಸ ಕಟ್ಟಡದ ಕೆಲಸ ಶುರುವಾಗಿತ್ತು. ಹಗಲೆಲ್ಲ ಕಲ್ಲು ಕೊಯ್ಯುವ ಸದ್ದು. ಮೈಕಮ್ಮನಿಗೆ ಕೆಮ್ಮು ಹತ್ತಿಕೊಂಡಿತು. ಚಿಕ್ಕಂದಿನಲ್ಲಿ ಅವಳಿಗೆ ಉಬ್ಬಸದ ಕಾಟ ಇತ್ತು. ದೊಡ್ಡವಳಾದ ಮೇಲೆ ತಾನಾಗಿ ಬಿಟ್ಟುಹೋಗಿತ್ತು. ಈಗ ಬೆಳಿಗ್ಗೆ ಏಳುವಾಗ ಗಂಟಲಲ್ಲಿ ಮರಳು ಹಾಕಿದ ಹಾಗೆ ಆಗುತ್ತದೆ ಎಂದಳು.

"ಆ ಕಟ್ಟಡದ ಧೂಳು ಕಣೇ. ಕಪಾಟಿನ ಮೇಲೆ ಕೈ ಇಟ್ಟು ನೋಡು, ಬೆಳ್ಳಗೆ ಕೂತಿದೆ."

ಮೇಸ್ತ್ರಿ ಮಲಗುವ ಕೋಣೆಯ ಕಿಟಕಿ ಮುಚ್ಚಿದ. ಮುಚ್ಚಿದ್ದು ಸಾಲದೆಂದು ಚೌಕಟ್ಟಿನ ಸಂದಿಗೆಲ್ಲ ಅಂಟುಪಟ್ಟಿ ಹಚ್ಚಿದ. ಗಾಳಿ ನುಸುಳದ ಹಾಗೆ, ಒಂದು ಸುಕ್ಕೂ ಬಾರದ ಹಾಗೆ, ಕೈಚಳಕದಿಂದ ಹಚ್ಚಿದ. ಅವಳು ಬಂದು ನೋಡಿ, "ಅಂತೂ ನಿಮ್ಮಿಂದ ಒಂದು ಉಪಕಾರ ಆಯ್ತು," ಎಂದಳು. ಅವನಿಗೆ ಹಿಗ್ಗಾಯಿತು.

ಕೆಮ್ಮು ಇಳಿಯಲಿಲ್ಲ. ಬಿಸಿನೀರು ಕುಡಿದಳು, ಗುಳಿಗೆ ಚೀಪಿದಳು, ಉಪ್ಪುನೀರು ಮುಕ್ಕಳಿಸಿದಳು, ಕೆಲಸಕ್ಕೆ ಮಾತ್ರ ರಜೆ ಹಾಕಲಿಲ್ಲ. ಕೆರೆಯುವ ಗಂಟಲಿನಲ್ಲೇ ಮೈಕು ಹಿಡಿದು ಕೂಗಿದಳು. ಒಂದು ದಿನ ಮಾತಿನ ನಡುವೆ ದನಿ ಒಡೆದು ಕೀರಲಾಯಿತು. ನಿಲ್ದಾಣದಲ್ಲಿ ಯಾರೋ ನಕ್ಕರಂತೆ. ಮನೆಗೆ ಬಂದು ಅದನ್ನು ತಾನೇ ತಮಾಷೆಯಾಗಿ ಹೇಳಿದಳು. ಆದರೆ ಊಟಕ್ಕೆ ಕೂತಾಗ ತಟ್ಟೆಯಲ್ಲಿ ಬೆರಳಾಡಿಸುತ್ತಾ, "ನಗಬಾರದಾಗಿತ್ತು ಕಣ್ರೀ ಅವರು," ಎಂದಳು. ಕೆಲವು ದಿನಗಳ ಮೇಲೆ ಬೆಳಿಗ್ಗೆ ಎದ್ದು ಏನೋ ಹೇಳಲು ಬಾಯಿ ತೆರೆದರೆ ಬರಿಯ ಗಾಳಿ ಬಂತು.

ಕಿವಿ ಮೂಗು ಗಂಟಲಿನ ಡಾಕ್ಟರು ಸಣ್ಣ ಕೊಳವೆ ಹಾಕಿ ನೋಡಿದರು. ಅಳೆದು ತೂಗಿ ಮಾತಾಡುವ, ವಯಸ್ಸಾದ ಹೆಂಗಸು. ದನಿಯ ತಂತುಗಳು ಬಾತುಕೊಂಡು ಗಾಯವಾಗಿವೆ, ಎದೆಯಲ್ಲೂ ಸುಯ್ಯೆನ್ನುವ ಸದ್ದಿದೆ ಎಂದರು.

"ಮಾತು ಪೂರ್ತಿ ನಿಲ್ಲಿಸಬೇಕು. ಪಿಸುಮಾತೂ ಬೇಡ, ಅದು ಇನ್ನೂ ಕೆಟ್ಟದ್ದು. ಮನೇಲಿ ಧೂಳು, ಹೊಗೆ ಏನಾದ್ರೂ ಇದೆಯಾ?"

ಮೈಕಮ್ಮ ಗಂಡನ ಮುಖ ನೋಡಿದಳು. ಅವಳ ಪರವಾಗಿ ಅವನೇ ಹೇಳಿದ. "ಎದುರುಗಡೆ ಕಟ್ಟಡ ಕಟ್ತಾ ಇದಾರೆ ಡಾಕ್ಟ್ರೇ. ಕಿಟಕಿಗೆಲ್ಲ ಪಟ್ಟಿ ಹಚ್ಚಿಬಿಟ್ಟಿದೀನಿ."

"ಒಳ್ಳೇದು. ಮನೇಲೇ ಇರಲಿ, ವಿಶ್ರಾಂತಿ ತಗೊಳ್ಳಲಿ," ಎಂದರು.

ಮೈಕಮ್ಮ ರಜೆ ಹಾಕಿ ಮನೆಯಲ್ಲಿ ಉಳಿದಳು. ಬೇಕಾದ್ದನ್ನು ಫೋನಿನಲ್ಲಿ ಒತ್ತಿ ತೋರಿಸುತ್ತಿದ್ದಳು, ಇಲ್ಲವೇ ಚಪ್ಪಾಳೆ ತಟ್ಟುತ್ತಿದ್ದಳು. ಮನೆ ಗವ್ವೆಂದಿತು. ಮೇಸ್ತ್ರಿಗೆ ಆ ಮೌನ ತಡೆಯಲಾಗುತ್ತಿರಲಿಲ್ಲ. ಹೆಂಡತಿ ಮಂಚದ ಒಂದು ಬದಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದರೆ, ಇನ್ನೊಂದು ಬದಿಯಲ್ಲಿ ಕಾಲು ಚಾಚಿ ಕೂತು ಅವನು ಉಜ್ಜುತ್ತಿದ್ದ. ಅವಳಿಗೆ ಬೇಸರ ಕಳೆಯಲೆಂದು ಆಗಾಗ ಎತ್ತಿ ತೋರಿಸುತ್ತಿದ್ದ. "ನೋಡೇ, ಕತ್ತು ಹೆಂಗೆ ಬಂತು." ಅವಳು ತಲೆದೂಗಿ, ಎದ್ದು ಕೂತು, ಕೆಮ್ಮುತ್ತಿದ್ದಳು. ಅವನು ಬೆನ್ನು ನೀವಿ, ನೀರು ಕೊಟ್ಟು, ಮತ್ತೆ ಉಜ್ಜಲು ಕೂರುತ್ತಿದ್ದ. ಗೊಂಬೆಯಕ್ಕನ ಎಚ್ಚರಿಕೆ ಅವಳಿಗೂ ಮರೆತುಹೋಗಿತ್ತು; ಇಬ್ಬರ ಕಣ್ಣೂ ಎದುರು ಕಟ್ಟಡದ ಮೇಲೇ ಇತ್ತು. ವಿಶ್ರಾಂತಿ ತೆಗೆದುಕೊಂಡಷ್ಟೂ ಕೆಮ್ಮು ಯಾಕೆ ಹೆಚ್ಚುತ್ತಿದೆ ಎಂಬುದು ಇಬ್ಬರಿಗೂ ಬಗೆಹರಿಯಲಿಲ್ಲ.

ಘೇಂಡಾಮೃಗದ ಒಂದು ಕಿವಿ ಕೈ ಜಾರಿ ಮುರಿಯಿತು. ಅಷ್ಟು ಹೊತ್ತಿಗೆ ಊರುಗೋಲಿನ ಆಸರೆಯಲ್ಲಿ ಒಬ್ಬನೇ ಮೆಟ್ಟಿಲಿಳಿಯುವುದು ಅವನಿಗೆ ಸಾಧ್ಯವಾಗಿತ್ತು. ಮೈಕಮ್ಮ ಆ ದಿನ ರಜೆ ಮುಂದುವರಿಸಲು ಆಫೀಸಿಗೆ ಹೋಗಿದ್ದಳು. ಅವನು ಮುರಿದ ಕಿವಿಯನ್ನು ಕಾಗದದಲ್ಲಿ ಸುತ್ತಿಕೊಂಡು, ನಿಂತು ನಿಂತು ನಡೆದು, ಗೊಂಬೆಯಕ್ಕನ ಅಂಗಡಿ ಮುಟ್ಟಿದ. ತಾನು ಯಾರೆಂದು ಹೇಳಿಕೊಂಡ.

"ಓ, ಘೇಂಡಾಮೃಗದವರು," ಎಂದು ಅವಳು ನಗುನಗುತ್ತಾ ಭೂತಗನ್ನಡಿ ಇಳಿಸಿಕೊಂಡು ಕಿವಿ ನೋಡಿದಳು. "ಇದಕ್ಕೊಂದು ಪುಟ್ಟ ತಂತಿ ಚುಚ್ಚಿ ಅಂಟಿಸಬಹುದು. ಅಮ್ಮಾವರು ಹೆಂಗಿದಾರೆ? ನಿಲ್ದಾಣದಲ್ಲಿ ದನೀನೇ ಇಲ್ಲ."

"ಗಂಟಲು ಕೆಟ್ಟಿದೆ. ಎದುರು ಕಟ್ಟಡದ ಧೂಳು."

ಅವಳು ಅವನ ಮುಖವನ್ನೇ ನೋಡುತ್ತಿದ್ದಳು. ಮುಖವನ್ನಲ್ಲ, ಹುಬ್ಬನ್ನು. ಆಮೇಲೆ ಅಂಗಿಯ ತೋಳನ್ನು ನೋಡಿದಳು. ಕೈ ಚಾಚಿ ಅವನ ತೋಳಿನ ಮಡಿಕೆಯನ್ನು ಬೆರಳಿಂದ ಒರೆಸಿ, ಬೆರಳು ತಿರುಗಿಸಿ ನೋಡಿಕೊಂಡಳು.

"ನೀವು ನೀರಿನಲ್ಲಿ ಉಜ್ಜುತ್ತಿಲ್ವಾ?"

"ಕಾಲು ಮಡಿಸೋಕಾಗಲ್ಲ. ಹಾಗೇ..."

"ಎಲ್ಲಿ ಕೂತು?"

ಅವನು ಕಿವಿ ಸುತ್ತಿದ್ದ ಕಾಗದವನ್ನು ಮಡಿಸತೊಡಗಿದ.

"ಎಲ್ಲಿ ಕೂತು ಉಜ್ಜುತ್ತೀರಿ ಅಣ್ಣಾ?"

"ಮಲಗೋ ಕೋಣೇಲಿ," ಎಂದ. ಅನ್ನುತ್ತಿದ್ದ ಹಾಗೆಯೇ ಫ್ಯಾನು ನೆನಪಾಯಿತು. ಅಂಟುಪಟ್ಟಿ ನೆನಪಾಯಿತು. ಗೋಡೆಗೆ ಮುಖ ಮಾಡಿ ಮಲಗಿದ ಅವಳ ಬೆನ್ನು ನೆನಪಾಯಿತು.

ಗೊಂಬೆಯಕ್ಕ ದನಿ ಏರಿಸಲಿಲ್ಲ. ಸ್ಟೂಲು ಎಳೆದು ಕೂರಿಸಿದಳು. ಗಟ್ಟಿಯಾದ ರೆಸಿನ್ ಮುಟ್ಟಿದರೆ ತೊಂದರೆಯಿಲ್ಲ, ಅದರ ಪುಡಿಯೇ ಕೆಟ್ಟದ್ದು, ಕಣ್ಣಿಗೆ ಕಾಣದಷ್ಟು ಸಣ್ಣದು ಗಾಳಿಯಲ್ಲೇ ತೇಲಾಡುತ್ತಿರುತ್ತದೆ, ಕೂತ ಮೇಲೂ ಪೊರಕೆ ಆಡಿಸಿದರೆ ಮತ್ತೆ ಏಳುತ್ತದೆ ಎಂದಳು. "ಗುಡಿಸಬೇಡಿ. ಒದ್ದೆ ಬಟ್ಟೇಲಿ ಒರೆಸಬೇಕು, ಬಟ್ಟೆ ಚೀಲಕ್ಕೆ ಹಾಕಿ ಬಿಸಾಡಬೇಕು. ಹಾಸಿಗೆ ದಿಂಬು ಎಲ್ಲಾನೂ ಆಚೆ ಹಾಕಬೇಕು. ಒರೆಸೋರು ಮಾಸ್ಕ್ ಹಾಕ್ಕೋಬೇಕು." ಆಮೇಲೆ ತನ್ನಷ್ಟಕ್ಕೇ ಎಂಬಂತೆ, "ಅವತ್ತು ಅವರಿಗೆ ಎಲ್ಲಾ ಬಿಡಿಸಿ ಹೇಳಿದ್ದೆ," ಎಂದಳು.

"ಅವಳೂ ಹೇಳಿದ್ಲು," ಎಂದ ಮೇಸ್ತ್ರಿ.

ಮನೆಗೆ ಬಂದು ಮಲಗುವ ಕೋಣೆಯ ಬಾಗಿಲಲ್ಲಿ ನಿಂತ. ಈಗ ಎಲ್ಲಾ ಕಡೆ ಕಂಡಿತು. ಫ್ಯಾನಿನ ಜಾಲರಿಯ ಮೇಲೆ ಬಿಳಿ ನೂಲು ಸುತ್ತಿದ ಹಾಗೆ. ಗೋಡೆಯ ಕಡೆಗಿದ್ದ ಅವಳ ದಿಂಬಿನ ಮೇಲೆ, ಬಾಗಿಲ ಹಿಂದೆ ನೇತುಹಾಕಿದ್ದ ಅವಳ ಸೀರೆಯ ನೆರಿಗೆಗಳಲ್ಲಿ, ಅವಳು ನೀರು ಕುಡಿಯುವ ಲೋಟದ ಅಂಚಿನಲ್ಲಿ. ಕಿಟಕಿಯ ಅಂಟುಪಟ್ಟಿ ಕಿತ್ತು ತೆಗೆದ. ಬಟ್ಟೆ ಒದ್ದೆ ಮಾಡಿಕೊಂಡು ಕಪಾಟು ಒರೆಸಿದ, ಮೇಜು ಒರೆಸಿದ. ನೆಲಕ್ಕೆ ಬಂದಾಗ ಕಾಲು ಮಡಿಯಲಿಲ್ಲ. ಮಂಚದ ಅಡಿಯಲ್ಲಿ ಪುಡಿ ತೆಳ್ಳನೆಯ ಹಾಸಿನಂತೆ ಬಿದ್ದಿರುವುದು ಕಾಣುತ್ತಿತ್ತು. ಬಗ್ಗಿ ಮುಟ್ಟಲು ಆಗುತ್ತಿರಲಿಲ್ಲ. ಊರುಗೋಲಿನ ತುದಿಗೆ ಬಟ್ಟೆ ಸುತ್ತಿ ತಳ್ಳಿ ನೋಡಿದ. ಒಂದಿಷ್ಟು ಬಂತು, ಮಿಕ್ಕಿದ್ದು ಇನ್ನೂ ಒಳಕ್ಕೆ ಹೋಯಿತು. ಮಂಚ ಹಿಡಿದು ಇಳಿಯಲು ಹೋದವನಿಗೆ ಮೊಣಕಾಲಿನಲ್ಲಿ ಕೊಡಲಿ ಏಟು ಬಿದ್ದ ಹಾಗಾಯಿತು. ಅಲ್ಲೇ ಗೋಡೆ ಹಿಡಿದು ನಿಂತ. ತನ್ನ ಮನೆಯ ನೆಲವನ್ನು ತಾನು ಒರೆಸಲಾರ. ಬೇರೆ ದಾರಿ ಕಾಣದೆ ಮಗಳಿಗೆ ಫೋನು ಮಾಡಿದ.

ಊರಿನ ಇನ್ನೊಂದು ಬದಿಯಲ್ಲಿ ಗಂಡನೊಡನೆ ಇದ್ದ ಮಗಳು ಕೆಲಸ ಬಿಟ್ಟು ಓಡಿಬಂದಳು. ಫೋನಿನಲ್ಲಿ ಅವನು ಹೇಳಿದ್ದನ್ನು ದಾರಿಯುದ್ದಕ್ಕೂ ಯೋಚಿಸಿಕೊಂಡೇ ಬಂದಿದ್ದಳೆಂದು ಕಾಣುತ್ತದೆ. ಬಂದವಳೇ ಮೂಗಿಗೆ ಮಾಸ್ಕ್ ಕಟ್ಟಿ ಅವನನ್ನು ಹೊರಗಿನ ಪಡಸಾಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದಳು.

"ಅಪ್ಪಾ, ಅಮ್ಮ ಪಕ್ಕದಲ್ಲೇ ಮಲಗಿದ್ಲಾ ನೀವು ಉಜ್ಜುವಾಗ?"

"ಹೂಂ."

"ಕೆಮ್ಮುತಿದ್ಲಾ?"

"ಹೂಂ ಕಣಮ್ಮಾ."

ಅವಳು ಬಕೆಟ್ಟು ಎತ್ತಿಕೊಂಡು ಒಳಗೆ ಹೋದಳು. ಬಕೆಟ್ಟಿನ ಸದ್ದು, ಮಂಚ ಎಳೆದ ಸದ್ದು, ಒದ್ದೆ ಬಟ್ಟೆ ಹಿಂಡಿದ ಸದ್ದು ಒಳಗಿನಿಂದ ಬರುತ್ತಿತ್ತು. ಮೇಸ್ತ್ರಿ ಊರುಗೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಕೇಳುತ್ತಾ ಕೂತ. ಎದುರು ಕಟ್ಟಡದವರು ಕಲ್ಲು ಕೊಯ್ಯುತ್ತಲೇ ಇದ್ದರು. ಅವರು ನೀರು ಹಾಯಿಸಿಕೊಂಡು ಕೊಯ್ಯುತ್ತಿದ್ದುದನ್ನು ಆವತ್ತು ಗಮನಿಸಿದ.

ಮೈಕಮ್ಮ ಮೆಟ್ಟಿಲು ಹತ್ತಿ ಬಂದಾಗ ಹಾಸಿಗೆ ಹೊರಗಿತ್ತು, ಸೀರೆಗಳೆಲ್ಲ ಬಕೆಟ್ಟಿನಲ್ಲಿದ್ದವು. ಏನಾಯಿತೆಂದು ಕೈ ತಿರುಗಿಸಿ ಕೇಳಿದಳು. ಮಗಳು ಬಾಯಿ ತೆರೆಯುವುದರೊಳಗೆ ಮೇಸ್ತ್ರಿ, "ನಾನು ಹೇಳ್ತೀನಿ," ಎಂದ.

ಹೇಳಿದ. ಲಿಫ್ಟ್ ಕೆಟ್ಟದ್ದು ಯಾಕೆಂದು ಕಟ್ಟಡದ ಮಾಲೀಕರಿಗೆ ಹೇಳುವಾಗಿನ ಹಾಗೆ, ಒಂದರ ಹಿಂದೆ ಒಂದು, ಸುತ್ತುಬಳಸಿಲ್ಲದೆ ಹೇಳಿದ. "ಕಟ್ಟಡದ ಧೂಳಲ್ಲ ಕಣೇ. ನನ್ನದು. ನಾನು ಊದಿದ್ದು, ಫ್ಯಾನು ಹಾಕಿದ್ದು, ಕಿಟಕಿ ಮುಚ್ಚಿದ್ದು. ನೀನು ಇದನ್ನ ತಂದ ದಿನಾನೇ ಹೇಳಿದ್ದೆ."

ಹೇಳಿ ಮುಗಿಸಿ ಕಾದ. ಅವಳು ಬೈಯಲಿ ಎಂದು ಕಾದ. ಬೈಗುಳದಲ್ಲಿ ಅವಳದು ಎತ್ತಿದ ಕೈ. ಮದುವೆಯಾದಂದಿನಿಂದ ಅವನ ಪ್ರತಿಯೊಂದು ತಪ್ಪಿಗೂ ಒಂದೊಂದು ಮಾತು ಬಿದ್ದಿತ್ತು, ಬಿದ್ದ ಮೇಲೆ ಮನೆ ತಣ್ಣಗಾಗುತ್ತಿತ್ತು. ಈಗ ಅವಳ ತುಟಿ ಒಂದು ಸಲ ಅಲುಗಿತು. ಡಾಕ್ಟರ ಮಾತು ನೆನಪಾಗಿರಬೇಕು, ಮುಚ್ಚಿಕೊಂಡಿತು. ಗೋಡೆಗೆ ಒರಗಿ ನಿಂತು ಬಹಳ ಹೊತ್ತು ಅವನನ್ನು ನೋಡಿದಳು. ಕಣ್ಣಲ್ಲಿ ನೀರು ತುಂಬಿತು, ಕೆಳಗಿಳಿಯಲಿಲ್ಲ. ಆಮೇಲೆ ಪೆಟ್ಟಿಗೆಯ ಮೇಲಿನ ಚಿತ್ರ ತೋರಿಸಿ, ಬೆರಳನ್ನು ತನ್ನ ಎದೆಗೆ ಮುಟ್ಟಿಸಿಕೊಂಡಳು. ತಂದವಳು ನಾನು.

"ಅದನ್ನ ಮಾತ್ರ ಹೇಳಬೇಡ," ಎಂದ ಮೇಸ್ತ್ರಿ. "ಬೇರೆ ಏನಾದ್ರೂ ಹೇಳು."

ಅವಳು ಬಗ್ಗಿ ಬಕೆಟ್ಟಿನ ಸೀರೆಗಳನ್ನು ತಿರುವತೊಡಗಿದಳು. ಮಗಳು ಅವಳ ಕೈಯಿಂದ ಅದನ್ನು ಕಿತ್ತುಕೊಂಡು ಒಳಗೆ ಒಯ್ದಳು.

ಮತ್ತೆ ಡಾಕ್ಟರ ಹತ್ತಿರ ಹೋದಾಗ ಮೇಸ್ತ್ರಿ ಒಂದನ್ನೂ ಬಿಡದೆ ಒಪ್ಪಿಸಿದ. ಅವರು ಕೇಳಿಸಿಕೊಂಡು ಪೆನ್ನನ್ನು ಮೇಜಿನ ಮೇಲೆ ಇಟ್ಟರು.

"ಕೋಣೆ ಸ್ವಚ್ಛ ಮಾಡಿದ್ದು ಒಳ್ಳೇದಾಯ್ತು. ಎದೆ ಬೇಗ ಸುಧಾರಿಸುತ್ತೆ. ಗಂಟಲಿನ ಗಾಯಕ್ಕೆ ಟೈಮು ಬೇಕು."

"ಇದಕ್ಕೆಲ್ಲ ಆ ಪುಡೀನೇ ಕಾರಣ ಅಲ್ವಾ ಡಾಕ್ಟ್ರೇ?"

"ಅದೂ ಇರಬಹುದು. ಅಷ್ಟು ವರ್ಷ ಮೈಕಿನಲ್ಲಿ ಕೂಗಿದ್ದೂ ಇರಬಹುದು. ಕೆಮ್ಮು ಇದ್ದಾಗಲೂ ಕೆಲಸ ಬಿಡದೇ ಇದ್ದದ್ದಂತೂ ಇದ್ದೇ ಇದೆ. ಇಷ್ಟು ಪಾಲು ಇದರದು, ಇಷ್ಟು ಪಾಲು ಅದರದು ಅಂತ ಹೇಳೋಕಾಗಲ್ಲ."

"ಮೊದಲಿನ ಹಾಗೆ ಆಗುತ್ತಾ?"

"ಮಾತಾಡೋ ದನಿ ಬರುತ್ತೆ. ಮೊದಲಿನ ದನಿ ಬರುತ್ತಾ ಅಂತ ನಾನು ಮಾತು ಕೊಡೋಕಾಗಲ್ಲ."

ಹೊರಗೆ ಬಂದು ಬೆಂಚಿನ ಮೇಲೆ ಕೂತಾಗ ಮೇಸ್ತ್ರಿಗೆ ಕೈ ಎಲ್ಲಿಡಬೇಕೆಂದು ತೋಚಲಿಲ್ಲ. ನೀನೇ ಮಾಡಿದ್ದು ಎಂದು ಅವರು ಹೇಳಿದ್ದರೆ ಹೊತ್ತುಕೊಳ್ಳುತ್ತಿದ್ದ. ನಿನ್ನದಲ್ಲ ಎಂದಿದ್ದರೆ ಒಂದು ದಿನ ನಂಬಿಬಿಡುತ್ತಿದ್ದನೇನೋ. ಯಂತ್ರ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಕೈ ಹಾಕಿ ಹುಡುಕಿ ತೆಗೆದವನು ಅವನು. ಹೆಂಡತಿಯ ಗಂಟಲೊಳಗೆ ಯಾವ ಕೈ ಹಾಕಬೇಕು? ಮೈಕಮ್ಮ ಅವನ ಮೊಣಕೈ ತಟ್ಟಿ ಬಸ್ಸು ಬಂತೆಂದು ತೋರಿಸಿದಳು.

ದನಿ ಬಂತು. ಮೊದಲು ಎಳೆಗಾಳಿಯಂತೆ, ಆಮೇಲೆ ಒರಟಾಗಿ. ಬೇರೆ ಯಾರೋ ಅವಳ ಬಾಯಿಂದ ಮಾತಾಡುತ್ತಿದ್ದ ಹಾಗಿತ್ತು. ತಗ್ಗಿಸಿ ಮಾತಾಡಿದರೆ ತಾಳುತ್ತಿತ್ತು, ಎತ್ತಿದರೆ ಒಡೆಯುತ್ತಿತ್ತು. ನಿಲ್ದಾಣದವರು ಅಷ್ಟರೊಳಗೆ ಯಂತ್ರವೊಂದನ್ನು ತಂದು ಕೂರಿಸಿದ್ದರು. ಎಲ್ಲಿಯದೋ ಒಬ್ಬ ಹೆಂಗಸಿನ ಧ್ವನಿಯನ್ನು ಮುಂಚೆಯೇ ಹಿಡಿದಿಟ್ಟು, ಊರಿನ ಹೆಸರುಗಳನ್ನು ಒಂದಕ್ಕೊಂದು ಪೋಣಿಸಿ ಹೇಳಿಸುವಂಥದ್ದು. ರಜೆ ಮುಗಿಸಿ ಹೋದ ಮೈಕಮ್ಮನನ್ನು ಅಧಿಕಾರಿ ಗೌರವದಿಂದಲೇ ಕೂರಿಸಿ, ಒಂದು ಸಾಲು ಓದಿ ನೋಡಿ ಎಂದರು. ಸಾಲಿನ ಕೊನೆಗೆ ದನಿ ಒಡೆಯಿತು. "ವಿಚಾರಣೆ ಕಿಟಕೀಲಿ ಕೂತ್ಕೊಳ್ಳಿ ಅಮ್ಮಾ, ಅಲ್ಲಿ ಜೋರಾಗಿ ಮಾತಾಡಬೇಕಾಗಿಲ್ಲ," ಎಂದರು. ಅವಳು ಒಪ್ಪಿಕೊಂಡಳು. ಒಪ್ಪದೆ ಮಾಡುವುದೇನಿತ್ತು?

ಮನೆಯಲ್ಲಿ ಅದನ್ನು ಹೇಳುವಾಗ ಅವಳು ಅಳಲಿಲ್ಲ. "ಆ ಯಂತ್ರದವಳಿಗೆ ಕಣ್ಣಿಲ್ಲ ಕಣ್ರೀ. ಇವತ್ತೊಬ್ಬ ಮುದುಕ ತಪ್ಪು ಬಸ್ಸು ಹತ್ತಿಬಿಟ್ಟ. ನಾನು ಕಿಟಕೀಲಿ ಕೂತು ನೋಡ್ತಾನೇ ಇದ್ದೆ. ಕೂಗೋಕೆ ಹೋದೆ, ಬರಲಿಲ್ಲ. ಎದ್ದು ಓಡೋದರೊಳಗೆ ಬಸ್ಸು ಹೊರಟೇ ಹೋಯ್ತು," ಎಂದಳು.

ಮೇಸ್ತ್ರಿ ಎದ್ದು ಅವಳಿಗೆ ಬಿಸಿನೀರು ತಂದುಕೊಟ್ಟ.

ಘೇಂಡಾಮೃಗವನ್ನು ಅವನು ಕಸಕ್ಕೆ ಹಾಕಲು ಹೊರಟಿದ್ದ. ಅವಳೇ ತಡೆದಳು. "ಇಷ್ಟೆಲ್ಲ ಆಗಿ ಅದೂ ಇಲ್ಲ ಅಂದ್ರೆ ಹೆಂಗೆ? ಮುಗಿಸಿ," ಎಂದಳು. ಮನೆಯಲ್ಲಿ ಮಾಡಲು ಅವನಿಗೆ ಧೈರ್ಯ ಬರಲಿಲ್ಲ. ಗೊಂಬೆಯಕ್ಕನ ಅಂಗಡಿಯ ಹಿಂದೆ, ಗಾಳಿಯನ್ನು ಹೊರಕ್ಕೆ ಎಳೆಯುವ ಫ್ಯಾನಿನ ಕೆಳಗೆ, ಎತ್ತರದ ಮೇಜಿನ ಮೇಲಿನ ನೀರಿನ ತೊಟ್ಟಿಯಲ್ಲಿ ಅದ್ದಿ ಅದ್ದಿ ಉಜ್ಜಿದ. ಮಾಸ್ಕಿನ ಮೂಗಿನ ಪಟ್ಟಿಯನ್ನು ಒತ್ತಿ ಕೂರಿಸಿದರೆ ಕನ್ನಡಕ ಮಂಜಾಗುವುದಿಲ್ಲವೆಂದು ಗೊಂಬೆಯಕ್ಕ ತೋರಿಸಿಕೊಟ್ಟಳು. ಅಷ್ಟೇ ಆಗಿತ್ತು ವಿಷಯ. ಬೆರಳಲ್ಲಿ ಒಂದು ಸಲ ಒತ್ತುವುದು. ಅಂಗಡಿಯಿಂದ ಹೊರಡುವ ಮುಂಚೆ ಅಂಗಿ ಬದಲಾಯಿಸಿ, ಕೈ ಮುಖ ತೊಳೆದು, ಹುಬ್ಬನ್ನು ಕನ್ನಡಿಯಲ್ಲಿ ನೋಡಿಕೊಂಡೇ ಮನೆಗೆ ಬರುತ್ತಿದ್ದ. ಉಜ್ಜುವಾಗಿನ ಆ ಹಿಗ್ಗು ಮಾತ್ರ ಮತ್ತೆ ಬರಲಿಲ್ಲ. ಬಣ್ಣ ಬಳಿದ ಮೇಲೂ ಬೆನ್ನಿನ ಏಣು ಒಂದು ಕಡೆ ಹಾಗೇ ಕಾಣುತ್ತಿತ್ತು. ಅವಳು ಅದನ್ನು ಫ್ರಿಜ್ಜಿನ ಮೇಲೆ ಇಟ್ಟಳು.

ಅವನ ಕಾಲು ಸರಿಹೋಯಿತು. ಲಿಫ್ಟಿನ ಕೆಲಸಕ್ಕೆ ಮರಳಿದ. ಈಗ ಬಾವಿಗಿಳಿಯುವ ಮುಂಚೆ ಮಾಸ್ಕ್ ಹಾಕುತ್ತಾನೆ, ಜೊತೆಯವರಿಗೂ ಹಾಕಿಸುತ್ತಾನೆ. ಹಾಕದವರ ಜೊತೆ ಜಗಳಕ್ಕೆ ನಿಲ್ಲುತ್ತಾನೆ. ಮೇಸ್ತ್ರಿಗೆ ವಯಸ್ಸಾಯ್ತು, ಜೀವದ ಮೇಲೆ ಆಸೆ ಹೆಚ್ಚಾಗಿದೆ ಎಂದು ಅವರು ಬೆನ್ನ ಹಿಂದೆ ನಗುತ್ತಾರೆ. ನಗಲಿ ಎಂದು ಬಿಡುತ್ತಾನೆ.

ಮೊನ್ನೆ ಮಗಳ ಮನೆಗೆ ಹೊರಟಾಗ ಗಂಡ ಹೆಂಡತಿ ದೊಡ್ಡ ರಸ್ತೆಯ ಅಂಚಿನಲ್ಲಿ ನಿಂತಿದ್ದರು. ಸಂಜೆಯ ಗಲಾಟೆ. ಖಾಲಿ ಟ್ಯಾಕ್ಸಿಯೊಂದು ಆಚೆ ಬದಿಯಲ್ಲಿ ನಿಧಾನವಾಗಿ ಬರುತ್ತಿತ್ತು. ಮೈಕಮ್ಮ ಎಂದಿನ ರೂಢಿಯಂತೆ ಕೈ ಎತ್ತಿ, ಕತ್ತು ಮುಂದೆ ಚಾಚಿ, ಉಸಿರು ಎಳೆದುಕೊಂಡಳು. ಹಾಗೇ ನಿಂತಳು. ಮೆಲ್ಲನೆ ಕೈ ಇಳಿಸಿ ಗಂಡನ ಕಡೆ ನೋಡಿದಳು. ಮೇಸ್ತ್ರಿ ಕೂಗಿದ. ಅವನದು ಹುಟ್ಟಿನಿಂದಲೇ ಒಳಗೇ ಉಳಿಯುವ ದನಿ. ಮತ್ತೊಮ್ಮೆ ಕೂಗಿದ, ಇನ್ನೂ ಗಟ್ಟಿಯಾಗಿ. ಪಕ್ಕದಲ್ಲಿ ನಿಂತಿದ್ದವರು ತಿರುಗಿ ನೋಡಿದರು. ಟ್ಯಾಕ್ಸಿ ಅವರನ್ನು ದಾಟಿಕೊಂಡು ಮುಂದಕ್ಕೆ ಹೋಯಿತು.

"ಇನ್ನೊಂದು ಬರುತ್ತೆ ಬಿಡಿ," ಎಂದಳು ಅವಳು. ರಸ್ತೆಯ ಸದ್ದಿನಲ್ಲಿ ಅವನಿಗೆ ಕೇಳಿಸಲಿಲ್ಲ. ಏನೆಂದೆ ಎಂದು ಬಗ್ಗಿ ಕಿವಿ ಕೊಟ್ಟ.